ಒಂದು ಗುಂಟೆ ಕಾಡು: ಶಾಲೆಯ ಅಂಗಳದಲ್ಲಿ ನಮ್ಮೂರ ಮರಗಳನ್ನು ಬೆಳೆಸುವ ಬಗೆ

ಏಪ್ರಿಲ್ ಎರಡನೇ ವಾರ ಶಾಲೆಗೆ ಬೇಸಿಗೆ ರಜೆ ಶುರುವಾಗುತ್ತದೆ. ಮತ್ತೆ ಬಾಗಿಲು ತೆಗೆಯುವುದು ಮೇ ಕೊನೆಗೆ. ನಡುವಿನ ಆ ಏಳು ವಾರ ಗಿಡಗಳಿಗೆ ನೀರು ಹಾಕುವವರು ಯಾರು? ಶಾಲೆಯಲ್ಲಿ ಪುಟ್ಟ ಕಾಡು ಬೆಳೆಸಬೇಕು ಅಂತ ಯಾರೇ ಬಂದರೂ ನಾನು ಮೊದಲು ಕೇಳುವುದು ಈ ಪ್ರಶ್ನೆಯನ್ನೇ. ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಸಿಗದಿದ್ದರೆ, ಜೂನ್‌ನಲ್ಲಿ ಎಷ್ಟೇ ಪ್ರೀತಿಯಿಂದ ನೆಟ್ಟರೂ ಗಿಡಗಳು ಮುಂದಿನ ಜೂನ್ ಕಾಣುವುದು ಕಷ್ಟ.

ನಾನು ಕೈ ಹಾಕಿದ ಮೊದಲ ಶಾಲಾವನ ಹಾಗೇ ಹೋಯಿತು. ಚೆನ್ನಾಗಿ ನೆಟ್ಟಿದ್ದೆವು. ಮಕ್ಕಳು ದಿನಾ ಬಂದು ಚಿಗುರು ನೋಡುತ್ತಿದ್ದರು. ರಜೆ ಮುಗಿಸಿ ಬಂದಾಗ ಮುಕ್ಕಾಲು ಪಾಲು ಒಣಗಿ ಕಡ್ಡಿಯಾಗಿತ್ತು. ಐದನೇ ತರಗತಿಯ ಹುಡುಗಿಯೊಬ್ಬಳು ಆ ಕಡ್ಡಿಯನ್ನು ಉಗುರಿನಲ್ಲಿ ಕೆರೆದು, ಒಳಗೆ ಹಸಿರು ಇದೆಯಾ ಅಂತ ನೋಡುತ್ತಿದ್ದಳು. ಅದನ್ನು ಮರೆಯಲು ಆಗಿಲ್ಲ. ಹಾಗಾಗಿ ಈ ಲೇಖನದಲ್ಲಿ ನೆಡುವ ದಿನದ ಬಗ್ಗೆ ಕಡಿಮೆ, ಅದಕ್ಕೆ ಮುಂಚಿನ ಆರು ತಿಂಗಳು ಮತ್ತು ನಂತರದ ಎರಡು ಬೇಸಿಗೆಯ ಬಗ್ಗೆ ಜಾಸ್ತಿ ಬರೆಯುತ್ತಿದ್ದೇನೆ.

ಪುಟ್ಟ ಕಾಡು ಅಂದರೆ ಏನು?

ಸಾಲಾಗಿ ನೆಟ್ಟ ನಾಲ್ಕು ಮರ ಕಾಡಲ್ಲ. ಕಾಡಿನಲ್ಲಿ ಎತ್ತರದ ಮರ, ಅದರ ಕೆಳಗೆ ನಡು ಎತ್ತರದ ಮರ, ಅದರ ಕೆಳಗೆ ಪೊದೆ, ಬಳ್ಳಿ, ನೆಲದ ಮೇಲೆ ಕೊಳೆಯುವ ಎಲೆ ಎಲ್ಲ ಇರುತ್ತದೆ. ಇದನ್ನು ಚಿಕ್ಕ ಜಾಗದಲ್ಲಿ ದಟ್ಟವಾಗಿ ಬೆಳೆಸುವ ವಿಧಾನವನ್ನು ಜಗತ್ತಿಗೆ ತೋರಿಸಿಕೊಟ್ಟವರು ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ (1928–2021). ದೇವಸ್ಥಾನಗಳ ಸುತ್ತ ಉಳಿದಿದ್ದ ಹಳೆಯ ಮರಗಳನ್ನು ನೋಡಿ, ಆ ನೆಲದಲ್ಲಿ ಮೊದಲು ಏನಿತ್ತು ಅಂತ ಅವರು ತಿಳಿದುಕೊಂಡರು. ಆಮೇಲೆ ಅದೇ ಜಾತಿಗಳನ್ನು ಹತ್ತಿರ ಹತ್ತಿರ ನೆಡಿಸಿದರು. ಬೆಂಗಳೂರಿನ ಹತ್ತಿರದ ಟೊಯೋಟಾ ಕಾರ್ಖಾನೆಗೂ ಅವರ ವಿಧಾನ ಬಂತು. ಅಲ್ಲಿ ಎಂಜಿನಿಯರ್ ಆಗಿದ್ದ ಶುಭೇಂದು ಶರ್ಮಾ ಅದನ್ನು ಕಲಿತು, 2011ರಲ್ಲಿ ಅಫಾರೆಸ್ಟ್ ಎಂಬ ಸಂಸ್ಥೆ ಕಟ್ಟಿ ಇದನ್ನೇ ಕಸುಬು ಮಾಡಿಕೊಂಡರು.

ನಮಗೆ ಇದು ಪೂರ್ತಿ ಹೊಸದಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಕರಾವಳಿಯಲ್ಲಿ ನಾಗಬನಗಳಿವೆ. ಬಯಲುಸೀಮೆಯ ಊರುಗಳಲ್ಲೂ ಮುನೇಶ್ವರನ ಗುಡಿ ಸುತ್ತ ಯಾರೂ ಕೊಡಲಿ ಹಾಕದ ನಾಲ್ಕು ಮರ ಇರುತ್ತವೆ. ನಿಮ್ಮ ಶಾಲೆಯ ಕಾಡಿಗೆ ಯಾವ ಗಿಡ ಬೇಕು ಅಂತ ಹುಡುಕುವುದೂ ಅಲ್ಲಿಂದಲೇ.

ಜಾಗ ಎಷ್ಟು ಬೇಕು? ಒಂದು ಗುಂಟೆ ಸಾಕು. ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಸುಮಾರು 100 ಚದರ ಮೀಟರ್. ನಡುವೆ ಮಕ್ಕಳು ಕೂರಲು 12 ಅಡಿ ಅಗಲದ ದುಂಡನೆಯ ಜಾಗ ಬಿಟ್ಟು, ಅಲ್ಲಿಗೆ ಹೋಗಲು ಮೂರು ಅಡಿಯ ಬಾಗಿದ ದಾರಿ ಬಿಟ್ಟರೆ, ಗಿಡಕ್ಕೆ ಸುಮಾರು 84 ಚದರ ಮೀಟರ್ ಉಳಿಯುತ್ತದೆ. ಚದರ ಮೀಟರಿಗೆ ಮೂರರ ಲೆಕ್ಕದಲ್ಲಿ 250 ಗಿಡ ಹಿಡಿಯುತ್ತವೆ. ಅಷ್ಟೂ ಜಾಗ ಇಲ್ಲದಿದ್ದರೆ ಕಾಂಪೌಂಡ್ ಪಕ್ಕ 12 ಅಡಿ ಅಗಲದ ಪಟ್ಟಿಯಲ್ಲೂ ಮಾಡಬಹುದು. ಅದಕ್ಕಿಂತ ಕಿರಿದಾದರೆ ಒಳಗೆ ತಂಪು ನಿಲ್ಲುವುದಿಲ್ಲ.

ಡಿಸೆಂಬರ್, ಜನವರಿ: ಜಾಗ ಮತ್ತು ಒಪ್ಪಿಗೆ

ಮೊದಲು ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರನ್ನು ಕೂರಿಸಿ ಮಾತಾಡಿ. ಸಭೆಯ ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆಸಿ. ಇದು ಬರೀ ಕಾಗದದ ಕೆಲಸ ಅಂತ ಬಿಡಬೇಡಿ. ಮುಖ್ಯ ಶಿಕ್ಷಕರು ವರ್ಗವಾಗುತ್ತಾರೆ, ಸಮಿತಿ ಬದಲಾಗುತ್ತದೆ. ಆಗ ಉಳಿಯುವುದು ಆ ಒಂದು ಪುಟ. ಅದೇ ಸಭೆಯಲ್ಲಿ ಇನ್ನೊಂದು ವಿಷಯ ಕೇಳಿ: ಈ ಜಾಗದಲ್ಲಿ ಮುಂದೆ ಕೊಠಡಿ, ಶೌಚಾಲಯ, ನೀರಿನ ಟ್ಯಾಂಕ್ ಕಟ್ಟುವ ಯೋಚನೆ ಇದೆಯಾ? ಮೂರು ವರ್ಷ ಬೆಳೆದ ಕಾಡನ್ನು ಹೊಸ ಕೊಠಡಿಗಾಗಿ ಕಡಿಯುವುದನ್ನು ಮಕ್ಕಳು ನಿಂತು ನೋಡುವ ಹಾಗೆ ಆಗಬಾರದು.

ಆಟದ ಮೈದಾನವನ್ನು ಯಾವ ಕಾರಣಕ್ಕೂ ಕಿತ್ತುಕೊಳ್ಳಬೇಡಿ. ಕಬಡ್ಡಿ ಅಂಕಣ ಹೋಯಿತು ಅಂದರೆ ಮಕ್ಕಳಿಗೆ ಕಾಡಿನ ಮೇಲೇ ಸಿಟ್ಟು ಬರುತ್ತದೆ. ಅದು ನ್ಯಾಯವೇ. ವಿದ್ಯುತ್ ತಂತಿ ಕೆಳಗೆ ಬೇಡ. ಶಾಲೆ ಕಟ್ಟಡದ ಗೋಡೆಯಿಂದ 15 ಅಡಿಯಾದರೂ ದೂರವಿರಲಿ. ಆಲ, ಅರಳಿ, ಬಸರಿ, ಗೋಣಿಯಂಥ ಮರಗಳ ಬೇರು ಗೋಡೆ, ಪೈಪು, ಬಾವಿ ಯಾವುದನ್ನೂ ಬಿಡುವುದಿಲ್ಲ. ಅವನ್ನು ನೆಡಲೇಬೇಕು ಅನ್ನಿಸಿದರೆ ಈ ಗುಂಟೆಯ ಹೊರಗೆ, ಮೈದಾನದ ಆ ಕಡೆ ಮೂಲೆಯಲ್ಲಿ ಒಂದು ನೆಡಿ. ಶಿಕ್ಷಕರ ಕೊಠಡಿಯ ಕಿಟಕಿಯಿಂದ ಕಾಣುವ ಜಾಗವಾದರೆ ಒಳ್ಳೆಯದು. ಮಕ್ಕಳು ಒಳಗೆ ಏನು ಮಾಡುತ್ತಿದ್ದಾರೆ ಅಂತ ಒಂದು ಕಣ್ಣು ಇರುತ್ತದೆ.

ಅದೇ ತಿಂಗಳು ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ, ಅದರಲ್ಲೂ ಸಾಮಾಜಿಕ ಅರಣ್ಯ ವಿಭಾಗಕ್ಕೆ ಹೋಗಿ ಬನ್ನಿ. ಇಲಾಖೆಯ ನರ್ಸರಿಗಳಲ್ಲಿ ಸಸಿ ಕಡಿಮೆ ಬೆಲೆಗೆ ಸಿಗುತ್ತವೆ. 'ಮಗುವಿಗೊಂದು ಮರ, ಶಾಲೆಗೊಂದು ವನ' ಎಂಬ ಕಾರ್ಯಕ್ರಮವೂ ಇಲಾಖೆಯದೇ. ಜೂನ್‌ನಲ್ಲಿ ಹೋಗಿ ಕೇಳಿದರೆ ಉಳಿದದ್ದು ಸಿಗುತ್ತದೆ. ಜನವರಿಯಲ್ಲೇ ಪಟ್ಟಿ ಕೊಟ್ಟರೆ ನಿಮಗೆ ಬೇಕಾದ ಜಾತಿಗಳನ್ನು ಎತ್ತಿಡಲು ಅವರಿಗೂ ಸುಲಭ.

ನೀರಿನ ಲೆಕ್ಕ ಈಗಲೇ ಹಾಕಿ

ನೆಟ್ಟ ಹೊಸದರಲ್ಲಿ ಮಳೆ ಬಾರದ ದಿನ ಚದರ ಮೀಟರಿಗೆ 4–5 ಲೀಟರ್ ನೀರು ಬೇಕು. ನಮ್ಮ ಗುಂಟೆಗೆ 350ರಿಂದ 400 ಲೀಟರ್, ಅಂದರೆ ಎರಡು ಡ್ರಮ್. ಬೇರು ಹಿಡಿದ ಮೇಲೆ ದಿನಾ ಬೇಡ. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಸಲಕ್ಕೆ 700–800 ಲೀಟರ್ ನಿಧಾನವಾಗಿ ಇಂಗುವ ಹಾಗೆ ಬಿಡಿ. ರೂಢಿಯಲ್ಲಿ ದಿನಾ ಒಂದು ಚೊಂಬು ಹಾಕುವುದುಂಟು. ಅದು ಮೇಲಿನ ಮಣ್ಣನ್ನಷ್ಟೇ ಒದ್ದೆ ಮಾಡುತ್ತದೆ. ಬೇರು ಆಳಕ್ಕೆ ಹೋಗುವುದಿಲ್ಲ. ಈ ಲೆಕ್ಕದಲ್ಲಿ ರಜೆಯ ಏಳು ವಾರಕ್ಕೆ ಸುಮಾರು 10 ಸಾವಿರ ಲೀಟರ್ ಬೇಕು. ಕೊಳವೆಬಾವಿ ಕೈಕೊಟ್ಟರೆ ಎರಡೋ ಮೂರೋ ಟ್ಯಾಂಕರ್ ನೀರಿನ ದುಡ್ಡನ್ನು ಮೊದಲೇ ಎತ್ತಿಡಿ. ಸಸಿ ಕೊಳ್ಳುವ ದುಡ್ಡಿಗಿಂತ ಮುಂಚೆ ಇದನ್ನು ಎತ್ತಿಡಿ.

ಮಕ್ಕಳು ಊಟಕ್ಕೆ ಮುಂಚೆ ಕೈ ತೊಳೆಯುವ ನೀರು ಎಲ್ಲಿ ಹೋಗುತ್ತದೆ ನೋಡಿ. 150 ಮಕ್ಕಳು ತಲೆಗೆ ಒಂದು ಲೀಟರ್ ಬಳಸಿದರೂ ದಿನಕ್ಕೆ 150 ಲೀಟರ್. ನಲ್ಲಿ ಸಾಲಿನಿಂದ ಒಂದು ಸಣ್ಣ ಕಾಲುವೆ ತೆಗೆದು, ಜಲ್ಲಿ ಮರಳು ತುಂಬಿದ ಗುಂಡಿ ದಾಟಿಸಿ ಕಾಡಿಗೆ ಬಿಡಬಹುದು. ಬಿಸಿಯೂಟದ ಅಕ್ಕಿ, ಬೇಳೆ ತೊಳೆದ ನೀರೂ ಬಹಳ ಒಳ್ಳೆಯದು. ಪಾತ್ರೆ ತಿಕ್ಕಿದ ಸಾಬೂನು, ಎಣ್ಣೆ ನೀರು ಬೇಡ. ಸಾವಿರ ಚದರ ಅಡಿ ಚಾವಣಿ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ, ಪೋಲಾದದ್ದು ಬಿಟ್ಟೂ ಸುಮಾರು 1,500 ಲೀಟರ್ ಹಿಡಿಯಬಹುದು. ಈ ಲೆಕ್ಕವನ್ನು ಏಳನೇ ತರಗತಿಗೆ ಕೊಡಿ. ಅವರೇ ಚಾವಣಿ ಅಳೆದು ಮಾಡಲಿ.

ಇನ್ನು ಆ ಏಳು ವಾರ. ಶಾಲೆ ಪಕ್ಕದ ಮನೆಗಳು, ಬಿಸಿಯೂಟದ ಅಡುಗೆಯವರು, ಊರಿನ ನೀರುಗಂಟಿ, ಹಳೆಯ ವಿದ್ಯಾರ್ಥಿಗಳು, ಇವರಲ್ಲಿ ಒಪ್ಪುವವರ ಹೆಸರು ಬರೆದು ವಾರಕ್ಕೊಬ್ಬರಂತೆ ಪಟ್ಟಿ ಮಾಡಿ. ಹೆಸರಿನ ಎದುರು ಫೋನ್ ನಂಬರ್ ಇರಲಿ, ಗೇಟಿನ ಕೀಲಿ ಯಾರ ಹತ್ತಿರ ಅನ್ನುವುದೂ ಇರಲಿ. ಏನೂ ಕೊಡದೆ ಕೆಲಸ ಮಾಡಿಸಿಕೊಳ್ಳುವುದು ಸರಿಯಲ್ಲ. ನೀರುಗಂಟಿ ಅಣ್ಣನಿಗೋ ಅಡುಗೆಯ ಅಕ್ಕನಿಗೋ ಸಮಿತಿಯಿಂದ ಸ್ವಲ್ಪವಾದರೂ ಗೌರವಧನ ಕೊಡಿ. ಕೈಲಾದರೆ ಹನಿ ನೀರಾವರಿ ಪೈಪ್ ಹಾಕಿಸಿ. ಆಗ ಒಬ್ಬರು ವಾಲ್ವ್ ತಿರುಗಿಸಿದರೆ ಮುಗಿಯಿತು. ಪಟ್ಟಿ ತುಂಬದಿದ್ದರೆ ಈ ವರ್ಷ ನೆಡಬೇಡಿ. ಅರ್ಧ ಗುಂಟೆಗೆ ಇಳಿಸಿ, ಇಲ್ಲವೇ ಒಂದು ವರ್ಷ ನರ್ಸರಿಯಷ್ಟೇ ಮಾಡಿ. ಇದು ಸೋಲಲ್ಲ.

ಯಾವ ಗಿಡ?

ಹತ್ತು ಮಕ್ಕಳನ್ನು ಕರೆದುಕೊಂಡು ಊರಿನ ಹಿರಿಯರ ಹತ್ತಿರ ಹೋಗಿ. "ತಾತ, ನೀವು ಚಿಕ್ಕವರಿದ್ದಾಗ ಇಲ್ಲಿ ಯಾವ ಮರ ಇದ್ದವು? ಯಾವ ಹಣ್ಣು ತಿಂತಿದ್ರಿ?" ಅಂತ ಕೇಳಿಸಿ. ದನ ಮೇಯಿಸುವ ಅಜ್ಜಿಗೆ, ನಾಟಿ ಔಷಧಿ ಕೊಡುವವರಿಗೆ ಗೊತ್ತಿರುವಷ್ಟು ಗಿಡ ನಮಗೆ ನಿಮಗೆ ಗೊತ್ತಿರುವುದಿಲ್ಲ. ಅವರು ಹೇಳಿದ ಹೆಸರನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಆಮೇಲೆ ಊರ ಗುಡಿಯ ಸುತ್ತ, ಹೊಲದ ಬದುವಿನಲ್ಲಿ, ಹಳ್ಳದ ಅಂಚಿನಲ್ಲಿ ಆ ಮರಗಳನ್ನು ಹುಡುಕಿ.

ಬಯಲುಸೀಮೆಯಲ್ಲಾದರೆ ಹೊಂಗೆ, ಬೇವು, ಕಮರ, ದಿಂಡಿಗ, ಇಪ್ಪೆ, ನೇರಳೆ, ಬಾಗೆ, ಬೇಲ, ಬಿಲ್ವಪತ್ರೆ, ಮುತ್ತುಗ, ಕಕ್ಕೆ, ತುಗ್ಗಲಿ. ಅವುಗಳ ಕೆಳಗೆ ಕವಳಿ, ಕಾರೆ, ಬಂದುರಿ, ಲಕ್ಕಿ, ತಂಗಡಿ, ಆಡುಸೋಗೆ, ಕರಿಬೇವು. ಕವಳಿ ಹಣ್ಣಿಗಾಗಿ ಮುಳ್ಳು ಚುಚ್ಚಿಸಿಕೊಂಡ ನೆನಪು ನಮ್ಮ ವಯಸ್ಸಿನವರಿಗೆಲ್ಲ ಇದೆ, ಅಲ್ವಾ? ಇಂದಿನ ಮಕ್ಕಳಿಗೆ ಅದರ ರುಚಿಯೇ ಗೊತ್ತಿಲ್ಲ. ಅದೊಂದಕ್ಕಾಗಿಯಾದರೂ ನಾಲ್ಕು ಕವಳಿ ಇರಲಿ.

ಮಲೆನಾಡಿನಲ್ಲಿ ಆಯ್ಕೆ ಬಹಳ. ಹೊನ್ನೆ, ಮತ್ತಿ, ನಂದಿ, ಬೀಟೆ, ತಾರೆ, ಅಳಲೆ, ನೆಲ್ಲಿ, ಹಲಸು, ಹೆಬ್ಬಲಸು, ವಾಟೆ, ನೇರಳೆ, ಮುರುಗಲು, ಉಪ್ಪಾಗೆ, ಸುರಗಿ, ದಾಲ್ಚಿನ್ನಿ, ಸೀತಾ ಅಶೋಕ. ಕರಾವಳಿಯಲ್ಲಿ ಬೋಗಿ, ರಂಜೆ, ಸುರಹೊನ್ನೆ, ಹೊಂಗೆ, ಪುನರ್ಪುಳಿ, ಕೇಪಳ. ಹೊಳೆ, ಕೆರೆ ಹತ್ತಿರದ ಶಾಲೆಯಾದರೆ ಹೊಳೆಮತ್ತಿ, ಹೊಳೆದಾಸವಾಳ ಚೆನ್ನಾಗಿ ಬರುತ್ತವೆ. ಪಟ್ಟಿಯಲ್ಲಿ ಕನಿಷ್ಠ 25 ಜಾತಿ ಇರಲಿ. ಎಲ್ಲ ಸಿಗದಿದ್ದರೆ 15ರಿಂದ ಶುರು ಮಾಡಿ, ಉಳಿದದ್ದನ್ನು ಮುಂದಿನ ವರ್ಷ ಸೇರಿಸಿ.

ಸಿಲ್ವರ್ ಓಕ್, ಅಕೇಶಿಯಾ, ನೀಲಗಿರಿ ಬೇಡ. ಅವು ಆಸ್ಟ್ರೇಲಿಯಾದಿಂದ ಬಂದವು. ಗುಲ್‌ಮೊಹರ್ ಮಡಗಾಸ್ಕರಿನದು, ಮಳೆಮರ ಅಮೆರಿಕ ಖಂಡದ್ದು. ಅವೂ ಮರಗಳೇ, ನೆರಳೂ ಕೊಡುತ್ತವೆ. ಆದರೆ ನಮ್ಮ ಹುಳು, ಚಿಟ್ಟೆ, ಹಕ್ಕಿಗಳು ಸಾವಿರಾರು ವರ್ಷದಿಂದ ಒಗ್ಗಿಕೊಂಡಿರುವುದು ಇಲ್ಲಿನ ಗಿಡಗಳಿಗೆ. ಚಿಟ್ಟೆಗಳನ್ನೇ ನೋಡಿ. ಕರಿಬೇವು, ನಿಂಬೆ ಎಲೆ ಮೇಲೆ ಮೊಟ್ಟೆ ಇಡುವ ಚಿಟ್ಟೆಯ ಮರಿ ಬೇರೆ ಎಲೆ ಕೊಟ್ಟರೆ ತಿನ್ನುವುದಿಲ್ಲ. ಕಕ್ಕೆ ಮರ ಇದ್ದರೆ ತಿಳಿ ಹಳದಿ ಚಿಟ್ಟೆಗಳು ಹಿಂಡಾಗಿ ಬರುತ್ತವೆ. ಮಲೆನಾಡಿನಲ್ಲಿ ಈಶ್ವರಿ ಬಳ್ಳಿ ಹಬ್ಬಿಸಿದರೆ ನಮ್ಮ ರಾಜ್ಯದ ಚಿಟ್ಟೆ, ಕಪ್ಪು ಹಳದಿಯ ದೊಡ್ಡ ಸಹ್ಯಾದ್ರಿ ಬರ್ಡ್‌ವಿಂಗ್, ಶಾಲೆಗೆ ಬಂದರೂ ಬರಬಹುದು.

ಇಲ್ಲೊಂದು ಮಾತು ಹೇಳಲೇಬೇಕು. ಎಲ್ಲ ಕಡೆಯೂ ದಟ್ಟ ಕಾಡು ಸರಿಯಲ್ಲ. ಚಿತ್ರದುರ್ಗ, ತುಮಕೂರು ಕಡೆಯ ಅಮೃತಮಹಲ್ ಕಾವಲುಗಳು ಹುಲ್ಲುಗಾವಲು. ಅಲ್ಲಿನ ಕೃಷ್ಣಮೃಗ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿ, ಎಲ್ಲದಕ್ಕೂ ಬಯಲೇ ಮನೆ. ಚಳ್ಳಕೆರೆಯಂಥ ಕಡೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ. ಅಲ್ಲಿ ಚದರ ಮೀಟರಿಗೆ ಮೂರು ಗಿಡ ತುರುಕಿ ಮಲೆನಾಡು ಮಾಡಲು ಹೊರಡುವುದು ಆ ನೆಲಕ್ಕೆ ಮಾಡುವ ಬಲವಂತ. ಚದರ ಮೀಟರಿಗೆ ಒಂದೇ ಗಿಡ ಸಾಕು. ಅದರಲ್ಲೂ ಅರ್ಧಕ್ಕರ್ಧ ಪೊದೆ ಜಾತಿ ಇರಲಿ. ನಡುವೆ ಅಲ್ಲಿನದೇ ಹುಲ್ಲು ಬೆಳೆಯಲಿ. ಅದು ಕುರುಚಲು ಕಾಡು. ಅದೂ ಕಾಡೇ.

ಉಳಿದ ಕಡೆ 250 ಗಿಡದಲ್ಲಿ ಎತ್ತರಕ್ಕೆ ಹೋಗುವವು 40, ನಡು ಎತ್ತರದವು 110, ಸಣ್ಣ ಮರ 70, ಪೊದೆ 30 ಎಂಬ ಲೆಕ್ಕ ಚೆನ್ನಾಗಿ ಕೂರುತ್ತದೆ. ನನಗೆ ಕೇಳಿದರೆ, ಮಕ್ಕಳ ಕಾಡಿಗೆ ಪೊದೆ ಇನ್ನೂ ಹತ್ತು ಜಾಸ್ತಿ ಇರಲಿ. ಹೂ, ಹಣ್ಣು, ಚಿಟ್ಟೆ ಮೊದಲ ವರ್ಷವೇ ಮಕ್ಕಳ ಕಣ್ಣಿನ ಎತ್ತರಕ್ಕೆ ಸಿಗುವುದು ಅಲ್ಲೇ. ಶ್ರೀಗಂಧ ಒಂದೆರಡು ಹಾಕಬಹುದು. ಅದು ಬೇರೆ ಗಿಡದ ಬೇರಿನಿಂದ ಆಹಾರ ಎಳೆದು ಬದುಕುವ ಮರ, ಹಾಗಾಗಿ ಹೊಂಗೆಯಂಥ ಗಿಡದ ಪಕ್ಕದಲ್ಲೇ ಇರಬೇಕು. ಆದರೆ ಬಲಿತ ಮೇಲೆ ಕಳ್ಳರ ಕಾಟ. ರಾತ್ರಿ ಕಾವಲಿಲ್ಲದ ಶಾಲೆಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಬೀಜ ಮತ್ತು ಮಕ್ಕಳ ನರ್ಸರಿ

ಮೊದಲ ವರ್ಷದ ಸಸಿಯನ್ನು ಇಲಾಖೆ ನರ್ಸರಿಯಿಂದ ತನ್ನಿ. ಜೊತೆಗೇ ಮಕ್ಕಳ ನರ್ಸರಿ ಶುರುವಾಗಲಿ. ಸತ್ತ ಗಿಡದ ಜಾಗ ತುಂಬಲು ಮುಂದಿನ ಜೂನ್‌ಗೆ ಅದು ಬೇಕೇ ಬೇಕು.

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದುಡಿದವರು. ಕಾಡಿನಲ್ಲಿ ಯಾವುದು ತಾಯಿಮರ ಅಂತ ಗುರುತಿಸಿ, ಅದರ ಬೀಜ ತರುವುದರಲ್ಲಿ ಅವರದು ಎತ್ತಿದ ಕೈ. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಪದ್ಮಶ್ರೀ ಬಂತು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಕತೆಯನ್ನು ಮಕ್ಕಳಿಗೆ ಹೇಳಿ, ಆಮೇಲೆ ಬೀಜ ಆರಿಸಲು ಕರೆದುಕೊಂಡು ಹೋಗಿ. ಗಟ್ಟಿಮುಟ್ಟಾದ, ರೋಗವಿಲ್ಲದ, ನಡುವಯಸ್ಸಿನ ಮರದ ಬೀಜವನ್ನೇ ಆರಿಸಬೇಕು. ಒಂದೇ ಮರದ ಬೀಜ ಬೇಡ, ನಾಲ್ಕೈದು ಮರದ್ದು ಬೆರೆಸಿ.

ಬೇವು, ನೇರಳೆ, ಹಲಸಿನ ಬೀಜ ಇಟ್ಟರೆ ಕೆಡುತ್ತದೆ. ಹಣ್ಣು ತಿಂದ ವಾರದೊಳಗೆ ಊರಿ. ಹೊಂಗೆ ಒಂದು ರಾತ್ರಿ ನೆನೆಸಿದರೆ ಸಾಕು. ಕಕ್ಕೆ ಬೀಜದ ಸಿಪ್ಪೆ ಬಹಳ ಗಟ್ಟಿ. ಒರಟು ಕಲ್ಲಿಗೆ ಉಜ್ಜಿ, ರಾತ್ರಿಯಿಡೀ ನೆನೆಸಿ ಹಾಕಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಗೊಬ್ಬರ ಬೆರೆಸಿ, ತೊಳೆದ ಹಾಲಿನ ಇಲ್ಲವೇ ಎಣ್ಣೆಯ ಪ್ಯಾಕೆಟ್‌ಗೆ ತುಂಬಿ. ತಳದಲ್ಲಿ ನಾಲ್ಕು ತೂತು ಮರೆಯಬೇಡಿ.

ಏಪ್ರಿಲ್, ಮೇ: ಮಣ್ಣು ಮತ್ತು ಬೇಲಿ

ಒಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿ ನೋಡಿ. ಅರ್ಧ ಗಂಟೆಯಲ್ಲಿ ಇಂಗಿದರೆ ಮಣ್ಣು ಸಡಿಲ, ನೀರು ಹಿಡಿಯುವ ವಸ್ತು ಜಾಸ್ತಿ ಬೇಕು. ಮಾರನೇ ದಿನವೂ ನೀರು ನಿಂತಿದ್ದರೆ ಎರೆಮಣ್ಣು ಅಥವಾ ಗಟ್ಟಿ ಪದರ ಇದೆ. ಅಲ್ಲಿ ನೆಲಕ್ಕಿಂತ ಒಂದಡಿ ಎತ್ತರದ ಮಡಿ ಮಾಡಿ ನೆಡಬೇಕು. ಇಲ್ಲವಾದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ.

ಶಾಲೆ ಅಂಗಳದ ಮಣ್ಣು ಮಕ್ಕಳು ಓಡಾಡಿ ಕಲ್ಲಿನಂತಾಗಿರುತ್ತದೆ. ಎರಡರಿಂದ ಮೂರು ಅಡಿ ಆಳ ಅಗೆದು ಸಡಿಲ ಮಾಡಲೇಬೇಕು. ಜೆಸಿಬಿಯಲ್ಲಿ ಒಂದೆರಡು ಗಂಟೆಯ ಕೆಲಸ. ಪಂಚಾಯಿತಿಯಿಂದ ಕೂಲಿ ಕೆಲಸ ಸಿಗುತ್ತದಾ ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನೂ ಕೇಳಿ ನೋಡಿ. ಮೇಲಿನ ಮಣ್ಣನ್ನು ಬೇರೆ ಗುಡ್ಡೆ ಹಾಕಿ, ಕೊನೆಗೆ ಅದನ್ನೇ ಮೇಲೆ ಹರಡಿ. ಚದರ ಮೀಟರಿಗೆ 4–5 ಕೆಜಿ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಹಾಕಿ. ಒಟ್ಟು 400 ಕೆಜಿ ಆಗುತ್ತದೆ. ಹಸಿ ಸಗಣಿ ಬೇಡ, ಬೇರು ಸುಡುತ್ತದೆ, ಗೊಣ್ಣೆಹುಳು ಬರುತ್ತದೆ. ನೀರು ಹಿಡಿಯಲು ತೊಳೆದ ತೆಂಗಿನ ನಾರಿನ ಪುಡಿ, ಗಾಳಿಯಾಡಲು ಭತ್ತದ ಹೊಟ್ಟು ಅಥವಾ ಕಡಲೆಕಾಯಿ ಸಿಪ್ಪೆ. ಊರಲ್ಲಿ ಯಾವುದು ಸುಮ್ನೆ ಸಿಗುತ್ತದೋ ಅದು. ಗೆದ್ದಲು ಜಾಸ್ತಿ ಇದ್ದರೆ ಬೇವಿನ ಹಿಂಡಿ ಬೆರೆಸಿ.

ಜೀವಾಮೃತ ಎಂಬ ದ್ರವ ಗೊಬ್ಬರ ಮಾಡುವುದು ಮಕ್ಕಳಿಗೆ ಇಷ್ಟವಾಗುವ ಕೆಲಸ. 20 ಲೀಟರ್ ನೀರಿಗೆ ಒಂದು ಕೆಜಿ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಅಥವಾ ಹುರುಳಿ ಹಿಟ್ಟು, ಹಳೆಯ ಮರದ ಬುಡದ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕೋಲಿನಿಂದ ತಿರುಗಿಸಿದರೆ ಎರಡು ಮೂರು ದಿನದಲ್ಲಿ ಸಿದ್ಧ. ನೆಡುವಾಗ ಸಸಿಯ ಬೇರು ಅದ್ದಲು, ಆಮೇಲೆ ತಿಂಗಳಿಗೊಮ್ಮೆ ಹೊಸದಾಗಿ ಮಾಡಿ ನೀರಿಗೆ ಬೆರೆಸಿ ಹಾಕಲು ಇಷ್ಟು ಅಳತೆ ಸಾಕು. ಮುಟ್ಟಿದ ಮೇಲೆ ಸಾಬೂನಿನಲ್ಲಿ ಕೈ ತೊಳೆಸಿ.

ಬೇಲಿ ಇಲ್ಲದೆ ಒಂದು ಗಿಡವನ್ನೂ ನೆಡಬೇಡಿ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಒಂದು ಮಧ್ಯಾಹ್ನ ಗೇಟು ತೆರೆದಿದ್ದರೆ ಸಾಕು, ಒಂದು ವರ್ಷದ ಬೆಳೆ ಹೋಗುತ್ತದೆ. ಕಾಂಪೌಂಡ್ ಇಲ್ಲದ ಶಾಲೆಯಾದರೆ ಜಾಲರಿ ತಂತಿ ಹಾಕಿಸಿ. ಆಗದಿದ್ದರೆ ಬಿದಿರು ತಡಿಕೆ ಕಟ್ಟಿ. ಅದರ ಹೊರಗೆ ಒಂದು ಸಾಲು ಲಕ್ಕಿ, ಬಂದುರಿ, ಆಡುಸೋಗೆ ನೆಡಿ. ಗಾದೆ ಏನೇ ಹೇಳಲಿ, ಈ ಮೂರಕ್ಕೆ ಆಡು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ತಡಿಕೆ ಮುರಿಯುವ ಹೊತ್ತಿಗೆ ಜೀವಂತ ಬೇಲಿ ಸಿದ್ಧವಾಗಿರುತ್ತದೆ.

ಜೂನ್, ಜುಲೈ: ನೆಡುವ ದಿನ

ಪರಿಸರ ದಿನವಾದ ಜೂನ್ 5ಕ್ಕೇ ನೆಡಬೇಕು ಅಂತ ಹಟ ಬೇಡ. ಎರಡು ಮೂರು ಒಳ್ಳೆಯ ಮಳೆ ಬಿದ್ದು, ಒಂದಡಿ ಆಳದವರೆಗೆ ಮಣ್ಣು ತೇವವಾದ ಮೇಲೆ ನೆಡಿ. ಮಲೆನಾಡು, ಕರಾವಳಿಯಲ್ಲಿ ಜೂನ್ ಮೊದಲಾರ್ಧ. ದಕ್ಷಿಣದ ಬಯಲುಸೀಮೆಯಲ್ಲಿ ಜುಲೈ ಕೊನೆಗೆ ನೆಟ್ಟರೂ ನಡೆಯುತ್ತದೆ, ಯಾಕೆಂದರೆ ಅಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಮಳೆ ಇರುತ್ತದೆ.

ಸಸಿ ಒಂದೂವರೆ ಎರಡು ಅಡಿ ಇದ್ದರೆ ಸಾಕು. ಆರಡಿ ಎತ್ತರದ ಗಿಡ ನೋಡಲು ಚೆಂದ. ಆದರೆ ಅದರ ಬೇರು ಚೀಲದೊಳಗೆ ಸುರುಳಿ ಸುತ್ತಿಕೊಂಡಿರುತ್ತದೆ, ನೆಲ ಹಿಡಿಯುವುದು ನಿಧಾನ.

ಹಗ್ಗದಿಂದ ಒಂದೊಂದು ಮೀಟರಿನ ಚೌಕ ಮಾಡಿ. ಒಂದು ಚೌಕಕ್ಕೆ ಐದು ಮಕ್ಕಳ ತಂಡ. ಪ್ರತಿ ಚೌಕದಲ್ಲಿ ಬೇರೆ ಬೇರೆ ಎತ್ತರದ ಮೂರು ಗಿಡ ತ್ರಿಕೋನವಾಗಿ, ಎರಡಡಿ ದೂರದಲ್ಲಿ. ಒಂದೇ ಜಾತಿ ಅಕ್ಕಪಕ್ಕ ಬರಬಾರದು, ಸಾಲು ಕಾಣಬಾರದು. ಚೀಲವನ್ನು ಬ್ಲೇಡಿನಿಂದ ದೊಡ್ಡವರು ಸೀಳಿ ಕೊಡಲಿ. ಕಾಂಡ ಹಿಡಿದು ಎಳೆದರೆ ಬೇರು ಕಿತ್ತು ಬರುತ್ತದೆ. ಮಣ್ಣಿನ ಗಡ್ಡೆ ಸಮೇತ ಇಟ್ಟು, ಕಾಂಡ ಎಲ್ಲಿಯವರೆಗೆ ಮಣ್ಣಿನಲ್ಲಿತ್ತೋ ಅಲ್ಲಿಯವರೆಗೇ ಮುಚ್ಚಿ, ಅಂಗೈಯಿಂದ ಒತ್ತಿ. ಪಕ್ಕದಲ್ಲಿ ಬಿದಿರು ಕಡ್ಡಿ ನೆಟ್ಟು ಸೆಣಬಿನ ದಾರದಲ್ಲಿ ಸಡಿಲವಾಗಿ ಕಟ್ಟಿ. ಕೊನೆಗೆ ಖಾಲಿ ಚೀಲ ಎಣಿಸಿ. 250 ಗಿಡ ನೆಟ್ಟರೆ 250 ಚೀಲ ಸಿಗಬೇಕು.

ಒಂದು ಗಿಡಕ್ಕೆ ಒಂದು ಮಗುವಿನ ಹೆಸರು ಬರೆಯುವುದನ್ನು ನಾನು ಬಿಟ್ಟಿದ್ದೇನೆ. ದಟ್ಟ ಕಾಡಿನಲ್ಲಿ ಕೆಲವು ಗಿಡ ಸಾಯಲೇಬೇಕು. ಬೆಳಕಿಗಾಗಿ ಪೈಪೋಟಿ ಇರುತ್ತದೆ. "ನಂದು ಮಾತ್ರ ಸತ್ತೋಯ್ತು" ಅಂತ ಒಂದು ಮಗು ಅಳುವುದು ಬೇಡ. ಚೌಕ ತಂಡದ್ದು, ಕಾಡು ಎಲ್ಲರದು.

ಅದೇ ದಿನ ಮುಚ್ಚಿಗೆ ಹಾಕಿ. ಭತ್ತದ ಹುಲ್ಲು, ಕಬ್ಬಿನ ರವದಿ, ದರಗು, ಯಾವುದಾದರೂ ಸರಿ, ಆರು ಇಂಚು ದಪ್ಪ. ರಾಗಿ ಹುಲ್ಲು ದನದ ಮೇವು, ಅದನ್ನು ಬಿಟ್ಟುಬಿಡಿ. ಕಾಂಡದ ಸುತ್ತ ಎರಡು ಇಂಚು ಬಿಟ್ಟು ಹರಡಿ. ಬೇಸಿಗೆಯಲ್ಲಿ ನೀರು ಉಳಿಸುವುದು ಈ ಮುಚ್ಚಿಗೆಯೇ. ಗಾಳಿಗೆ ಹಾರದಂತೆ ಅಡ್ಡಕ್ಕೆ ಹಗ್ಗ ಎಳೆದು ಗೂಟಕ್ಕೆ ಕಟ್ಟಿ.

ಮುಂದಿನ ಎರಡು ವರ್ಷ

ಹದಿನೈದು ದಿನಕ್ಕೊಮ್ಮೆ ಕಳೆ ಕಿತ್ತು ಅಲ್ಲೇ ಹಾಸಿ. ಕಾಂಗ್ರೆಸ್ ಕಳೆ, ಲಂಟಾನ, ಯುಪಟೋರಿಯಂ ಬಂದರೆ ಹೂ ಬಿಡುವ ಮೊದಲೇ ಕೀಳಬೇಕು. ಕಾಂಗ್ರೆಸ್ ಕಳೆಯನ್ನು ಮಕ್ಕಳಿಂದ ಕೀಳಿಸಬೇಡಿ, ಮೈ ತುರಿಕೆ, ಉಬ್ಬಸ ಬರಬಹುದು. ಹುಳು ಎಲೆ ತಿಂದರೆ ಗಾಬರಿ ಬೇಡ, ಔಷಧಿ ಹೊಡೆಯಬೇಡಿ. ಆ ಹುಳುವನ್ನು ತಿನ್ನಲು ಹಕ್ಕಿ ಬರುತ್ತದೆ. ನಾವು ಕರೆಯುತ್ತಿರುವುದು ಅದನ್ನೇ ಅಲ್ವಾ? ಕೊಂಬೆ ಸವರಬೇಡಿ. ಹತ್ತರಲ್ಲಿ ಒಂದೋ ಎರಡೋ ಗಿಡ ಹೋಗುವುದು ಸಹಜ. ಜೂನ್‌ನಲ್ಲಿ ಮಕ್ಕಳ ನರ್ಸರಿಯಿಂದ ಆ ಜಾಗ ತುಂಬಿ.

ಡಿಸೆಂಬರ್‌ನಲ್ಲಿ ಮುಚ್ಚಿಗೆ ಮತ್ತೊಮ್ಮೆ ಹಾಕಿ. ಫೆಬ್ರುವರಿಯಲ್ಲಿ ಬೇಲಿಯ ಹೊರಗೆ ಮೂರಡಿ ಅಗಲ ಒಣಹುಲ್ಲು ಕೆರೆದು ತೆಗೆಯಿರಿ. ಯಾರೋ ಎಸೆದ ಬೀಡಿಯ ಕಿಡಿ ಸಾಕು. ಮಾರ್ಚ್‌ನಲ್ಲಿ ನೀರಿನ ಪಟ್ಟಿ ಮತ್ತೆ ತೆಗೆದು, ಪ್ರತಿಯೊಬ್ಬರಿಗೂ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ರಜೆಯಲ್ಲಿ ವಾರಕ್ಕೊಂದು ಫೋಟೊ ಶಾಲೆಯ ವಾಟ್ಸಾಪ್ ಗುಂಪಿಗೆ ಬರಲಿ. ಫೋಟೊ ಬರದ ವಾರ ನೀವೇ ಹೋಗಿ ನೋಡಿ.

ಮಕ್ಕಳ ಸುರಕ್ಷತೆ

ಗುಲಗಂಜಿ ಬಳ್ಳಿ ಬೇಡವೇ ಬೇಡ. ಆ ಕೆಂಪು ಕಾಳು ನೋಡಲು ಮುದ್ದಾಗಿರುತ್ತದೆ, ಜಗಿದರೆ ಪ್ರಾಣಕ್ಕೇ ಅಪಾಯ. ದತ್ತೂರಿ, ಕಣಗಿಲೆ, ನಸುಗುನ್ನಿಯೂ ಬೇಡ. ಮಲೆನಾಡಿನಲ್ಲಿ ಕಾಡುಗೇರಿನ ಸೊನೆ ತಾಗಿದರೆ ಮೈ ಬೊಬ್ಬೆ ಬರುತ್ತದೆ. ಎಕ್ಕದ ಗಿಡಕ್ಕೆ ಚಿಟ್ಟೆ ಬರುತ್ತದೆ ನಿಜ, ಆದರೆ ಅದರ ಹಾಲು ಕಣ್ಣಿಗೆ ಬಿದ್ದರೆ ಕಷ್ಟ. ಬೇಲಿಯ ಹೊರಗಿರಲಿ. ಈಶ್ವರಿ ಬಳ್ಳಿಯೂ ವಿಷವೇ, ಬಾಯಿಗೆ ಹಾಕಬಾರದು ಅಂತ ಫಲಕ ಬರೆಸಿ. ದಿನಾ ಹೇಳಬೇಕಾದ ನಿಯಮ ಒಂದೇ: ಟೀಚರ್‌ಗೆ ತೋರಿಸದೆ ಯಾವ ಹಣ್ಣನ್ನೂ ತಿನ್ನಬಾರದು.

ಹಾವು ಬರುತ್ತದಾ? ಬರಬಹುದು. ಕಾಡಿರಲಿ ಬಿಡಲಿ, ಅನ್ನ ಚೆಲ್ಲಿ ಇಲಿ ಸೇರುವ ಶಾಲೆಗೆ ಹಾವು ಬರುತ್ತದೆ. ದಾರಿ ಮತ್ತು ಕೂರುವ ಜಾಗವನ್ನು ಗುಡಿಸಿ ಚೊಕ್ಕಟವಾಗಿಡಿ, ಅಲ್ಲಿ ಮುಚ್ಚಿಗೆ ಬೇಡ. ಕಲ್ಲು, ಇಟ್ಟಿಗೆ ಗುಡ್ಡೆ ಇಡಬೇಡಿ. ಚಪ್ಪಲಿ ಇಲ್ಲದೆ, ದೊಡ್ಡವರಿಲ್ಲದೆ ಮಕ್ಕಳು ಒಳಗೆ ಹೋಗುವುದು ಬೇಡ. ಹತ್ತಿರದ ಹಾವು ಹಿಡಿಯುವವರ ನಂಬರನ್ನೂ, ಹಾವಿನ ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆಯ ನಂಬರನ್ನೂ ಗೋಡೆ ಮೇಲೆ ಬರೆಸಿ.

ಕಾಡಿನಲ್ಲಿ ಪಾಠ

ಇಂಚು ಗುರುತು ಹಾಕಿದ ಕೋಲಿನಿಂದ ತಿಂಗಳಿಗೊಮ್ಮೆ ಹತ್ತು ಗಿಡದ ಎತ್ತರ ಅಳೆಯಲಿ, ಗ್ರಾಫ್ ಬರೆಯಲಿ. ಮಧ್ಯಾಹ್ನ ಎರಡಕ್ಕೆ ಮೈದಾನದ ಮಣ್ಣಿನ ಬಿಸಿ, ಮುಚ್ಚಿಗೆಯ ಕೆಳಗಿನ ಮಣ್ಣಿನ ಬಿಸಿ ಥರ್ಮಾಮೀಟರಿನಲ್ಲಿ ನೋಡಲಿ. ಆ ವ್ಯತ್ಯಾಸ ಕಂಡ ಮಗುವಿಗೆ ನೆರಳಿನ ಬಗ್ಗೆ ಬೇರೆ ಪಾಠ ಬೇಕಿಲ್ಲ. ಚಿಗುರು, ಹೂ, ಹಣ್ಣು ಬರುವುದನ್ನು ವಾರವಾರ ದಾಖಲಿಸುವ ಸೀಸನ್‌ವಾಚ್ ಎಂಬ ಕಾರ್ಯಕ್ರಮ ಇದೆ, ದೇಶದ ಶಾಲೆಗಳು ಅದರಲ್ಲಿ ಸೇರಿಕೊಳ್ಳುತ್ತವೆ. ಫೆಬ್ರುವರಿಯಲ್ಲಿ ಹಕ್ಕಿ ಎಣಿಕೆ ನಡೆಯುತ್ತದೆ, ಶಾಲೆಗಳೂ ಭಾಗವಹಿಸಬಹುದು. ಮೊದಲ ವರ್ಷದ ಪಟ್ಟಿಯಲ್ಲಿ ಕಾಗೆ, ಮೈನಾ, ಪಿಕಳಾರ ಅಷ್ಟೇ ಇದ್ದರೂ ಬರೆದಿಡಿ. ಮೂರನೇ ವರ್ಷದ ಪಟ್ಟಿ ಪಕ್ಕದಲ್ಲಿಟ್ಟು ನೋಡಲು ಅದು ಬೇಕು.

ಎರಡನೇ ಬೇಸಿಗೆ ದಾಟಿದ ಮೇಲೆ ನೀರನ್ನು ನಿಧಾನವಾಗಿ ಕಡಿಮೆ ಮಾಡಿ. ಮೂರನೇ ಮಳೆಗಾಲ ಕಳೆದ ಮೇಲೆ ಪೂರ್ತಿ ನಿಲ್ಲಿಸಬಹುದು. ಅಷ್ಟರಲ್ಲಿ ಮೇಲಿನ ಎಲೆಗಳು ಒಂದಕ್ಕೊಂದು ಕೂಡಿ ಕೆಳಗೆ ಕಳೆ ತಾನಾಗಿ ಕಡಿಮೆಯಾಗಿರುತ್ತದೆ. ಉದುರಿದ ಎಲೆಯೇ ಇನ್ನು ಮುಂದೆ ಮುಚ್ಚಿಗೆ, ಅದೇ ಗೊಬ್ಬರ. ಶನಿವಾರದ ಸ್ವಚ್ಛತೆಗೆ ಪೊರಕೆ ಹಿಡಿದು ಬರುವ ಮಕ್ಕಳಿಗೆ, ಹೊಸದಾಗಿ ವರ್ಗವಾಗಿ ಬರುವ ಶಿಕ್ಷಕರಿಗೆ ಈ ಒಂದು ಮಾತು ಹೇಳಿಡಿ: ದಾರಿಯನ್ನಷ್ಟೇ ಗುಡಿಸಿ, ಗಿಡಗಳ ಕೆಳಗಿನ ಎಲೆ ಮುಟ್ಟಬೇಡಿ.